ಶಾಯಿ ಎಲ್ಲಿ ಹೋಯ್ತು?

ಮಲ್ಪೆ ಬೀಚಿನಲ್ಲಿ ಕೊಂಡ ಸಾಬೂನು ಗುಳ್ಳೆಯ ಬಾಟಲಿಗೆ ತಂಗಿಯ ಮಗಳು ಕೆಂಪು ಶಾಯಿ ಸುರಿದಿದ್ದಳು. ಅವಳಿಗೆ ಕೆಂಪು ಗುಳ್ಳೆ ಬೇಕಿತ್ತಂತೆ. ಊದಿದಳು, ಮತ್ತೆ ಊದಿದಳು. ಬಂದದ್ದು ಎಂದಿನ ಗುಳ್ಳೆಯೇ. ನೀಲಿ, ಹಸಿರು, ಗುಲಾಬಿ ಎಲ್ಲ ಓಡಾಡುತ್ತಿವೆ, ಶಾಯಿಯ ಕೆಂಪು ಮಾತ್ರ ಇಲ್ಲ. ಗುಳ್ಳೆಯ ಅಡಿಯಲ್ಲಿ ತೂಗುವ ಹನಿಯಲ್ಲಷ್ಟೇ ಚೂರು ಕೆಂಪು. "ಮಾಮ, ಶಾಯಿ ಎಲ್ಲಿ ಹೋಯ್ತು?" ಎಂದು ಕೇಳಿದಳು.

ಶಾಯಿ ಎಲ್ಲಿಗೂ ಹೋಗಿಲ್ಲ. ಪುನರ್ಪುಳಿ ಶರಬತ್ತು ಲೋಟದಲ್ಲಿ ಕಡುಕೆಂಪು. ಅದನ್ನೇ ಬೆರಳಿಗೆ ಸವರಿಕೊಂಡರೆ ಬಣ್ಣ ಕಾಣುವುದೇ ಕಷ್ಟ. ಗುಳ್ಳೆಯ ಗೋಡೆ ಅದಕ್ಕಿಂತ ಎಷ್ಟೋ ಪಾಲು ತೆಳು, ಸಾಮಾನ್ಯವಾಗಿ ಕೆಲವು ನೂರು ನ್ಯಾನೋಮೀಟರ್ ಅಷ್ಟೇ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೋಮೀಟರ್. ಅಷ್ಟು ತೆಳು ಗೋಡೆಯಲ್ಲಿ ಕಣ್ಣಿಗೆ ಕಾಣುವಷ್ಟು ಶಾಯಿ ನಿಲ್ಲುವುದಿಲ್ಲ. ನಾವು ನೋಡುವ ಬಣ್ಣ ಬೆಳಕಿನದು. ಗೋಡೆಯ ಹೊರಮೈಗೆ ತಾಗಿ ಒಂದಿಷ್ಟು ಬೆಳಕು ವಾಪಸು ಬರುತ್ತದೆ, ಒಳಮೈಗೆ ತಾಗಿ ಇನ್ನೊಂದಿಷ್ಟು. ಈ ಎರಡು ಅಲೆಗಳು ಕೂಡಿದಾಗ ಕೆಲವು ಬಣ್ಣ ಎದ್ದು ಕಾಣುತ್ತದೆ, ಕೆಲವು ಅಳಿಸಿಹೋಗುತ್ತದೆ. ಯಾವುದು ಉಳಿಯುತ್ತದೆ ಎನ್ನುವುದು ಗೋಡೆಯ ದಪ್ಪಕ್ಕೆ ಬಿಟ್ಟದ್ದು.

ಇದಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇನ್ನೊಂದಿದೆ. ಸಾಬೂನು ಹಾಕಿದರೆ ನೀರು ಗಟ್ಟಿಯಾಗುತ್ತದೆ, ಅದಕ್ಕೇ ಗುಳ್ಳೆ ನಿಲ್ಲುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಓದಿದವರೂ ಹೇಳುವುದನ್ನು ಕೇಳಿದ್ದೇನೆ. ನಡೆಯುವುದು ಇದರ ತದ್ವಿರುದ್ಧ. ನೀರಿನ ಮೇಲ್ಮೈಗೆ ಒಂದು ಎಳೆತ ಇದೆ, ಹನಿಯನ್ನು ದುಂಡಗೆ ಹಿಡಿದಿಡುವುದು ಅದೇ. ಸಾಬೂನು ಬೆರೆಸಿದರೆ ಆ ಎಳೆತ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಎಳೆತ ಕಡಿಮೆಯಾದ ನೀರು ಗುಳ್ಳೆಯಾಗಿ ನಿಲ್ಲುವುದು ಹೇಗೆ? ನನಗೆ ಈ ಇಡೀ ಆಟದಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಗುಳ್ಳೆಯ ಗೋಡೆ ಒಂದು ಕಡೆ ಜಗ್ಗಿ ತೆಳುವಾಯಿತು ಅಂದುಕೊಳ್ಳಿ. ಅಲ್ಲಿ ಮೇಲ್ಮೈಯಲ್ಲಿರುವ ಸಾಬೂನಿನ ಅಣುಗಳು ದೂರ ದೂರ ಸರಿಯುತ್ತವೆ. ಸಾಬೂನು ವಿರಳವಾದ ಕಡೆ ನೀರಿನ ಹುಟ್ಟು ಎಳೆತ ಮತ್ತೆ ತಲೆಯೆತ್ತುತ್ತದೆ. ಅಂದರೆ ಎಲ್ಲಿ ಒಡೆಯುವ ಭಯವಿದೆಯೋ ಅಲ್ಲೇ ಎಳೆತ ಜಾಸ್ತಿ. ಅದು ಸುತ್ತಲಿನ ಮೇಲ್ಮೈಯನ್ನು ತನ್ನ ಕಡೆಗೆ ಎಳೆಯುತ್ತದೆ, ಅದರ ಜೊತೆ ಕೆಳಗಿನ ನೀರೂ ಬರುತ್ತದೆ. ತೂತು ಬೀಳುವ ಮೊದಲೇ ತೇಪೆ ಬಿತ್ತು! ಮಠದ ಊಟದ ಪಂಕ್ತಿಯಲ್ಲಿ ಯಾರ ಎಲೆ ಖಾಲಿ ಕಾಣುತ್ತದೋ ಅಲ್ಲಿಗೆ ಬಡಿಸುವವರು ಸಾರಿನ ಪಾತ್ರೆ ಹಿಡಿದು ಓಡುವುದಿಲ್ವಾ, ಹಾಗೆ. ಗದ್ದೆಯಲ್ಲಿ ತಗ್ಗಿದ ಕಡೆಗೆ ನೀರು ತಾನೇ ಹರಿದು ತುಂಬಿಕೊಂಡ ಹಾಗೆ. ಬರೀ ನೀರಿನಲ್ಲಿ ಎಳೆತ ಎಲ್ಲ ಕಡೆ ಒಂದೇ. ತೆಳುವಾದ ಜಾಗದ ಕೂಗು ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಅದು ತಟ್ಟನೆ ಒಡೆಯುತ್ತದೆ. ಇಟಲಿಯ ಭೌತವಿಜ್ಞಾನಿ ಕಾರ್ಲೋ ಮರಂಗೋನಿ 1865ರಲ್ಲಿ ತನ್ನ ಪ್ರಬಂಧದಲ್ಲಿ ಈ ಬಗೆಯ ಹರಿವನ್ನು ಚರ್ಚಿಸಿದ. ಇವತ್ತಿಗೂ ಅದಕ್ಕೆ ಅವನದೇ ಹೆಸರು.

ಹೆಸರು ಎಂದಾಗ ಆಗ್ನೆಸ್ ಪೊಕೆಲ್ಸ್ ನೆನಪಾಗಲೇಬೇಕು. ಜರ್ಮನಿಯ ಹೆಣ್ಣುಮಗಳು. ಆಗ ಅಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮನೆಯಲ್ಲೇ, ತಗಡಿನ ಒಂದು ತೊಟ್ಟಿಯಲ್ಲಿ, ಎಣ್ಣೆ ಸಾಬೂನು ಸೋಕಿದ ನೀರಿನ ಮೇಲ್ಮೈ ಎಳೆತವನ್ನು ವರ್ಷಗಟ್ಟಲೆ ಅಳೆದಳು. 1891ರ ಜನವರಿಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರ ಬರೆದಳು. ಅವರು ಅದನ್ನು ಬದಿಗಿಡಲಿಲ್ಲ. ಅದೇ ಮಾರ್ಚಿನಲ್ಲಿ ಅದು 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಪಾತ್ರೆ ತೊಳೆಯುವ ನೀರನ್ನು ಇಷ್ಟು ಗಮನವಿಟ್ಟು ನೋಡಿದವರು ಬಹುಶಃ ಬೇರೆ ಇಲ್ಲ.

ಗುಳ್ಳೆಗೆ ಅಂಗಡಿಯ ಬಾಟಲಿಯೇ ಬೇಕೆಂದಿಲ್ಲ. ನಮ್ಮ ಊರಿನ ಬೇಲಿಗಳಲ್ಲಿ ಕಾಡುಹರಳು ಇರುತ್ತಿತ್ತು. ಎಲೆಯ ದಂಟು ಮುರಿದು ಬಿಡಿಸಿದರೆ ನಡುವೆ ಸೊನೆಯ ತೆಳು ಪೊರೆ ಮೂಡುತ್ತಿತ್ತು. ಮೆಲ್ಲಗೆ ಊದಿದರೆ ಗುಳ್ಳೆ. ಆದರೆ ಅದರ ಬೀಜ ವಿಷ, ಸೊನೆ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಮಕ್ಕಳಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟು ಮತ್ತು ಸಾಬೂನು ನೀರೇ ಒಳ್ಳೆಯದು. ಒಂದು ಚಮಚ ಸಕ್ಕರೆ ಹಾಕಿ ನೋಡಿ. ನೀರು ಆರುವುದೂ ಕೆಳಗೆ ಜಾರುವುದೂ ನಿಧಾನವಾಗುತ್ತದೆ.

ಈ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ಗುಳ್ಳೆಗೆ ದೊಡ್ಡ ಶತ್ರು ಒಣ ಗಾಳಿ. ಜೂನ್, ಜುಲೈಯಲ್ಲಿ ಉಡುಪಿಯಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ ಅಂತ ಬೈದುಕೊಳ್ಳುತ್ತೇವಲ್ವಾ? ಅದೇ ತೇವದಿಂದಾಗಿ ಗುಳ್ಳೆ ಜಾಸ್ತಿ ಹೊತ್ತು ಬಾಳುತ್ತದೆ. ಒಣ ಬೆರಳು ತಾಗಿದರೆ ಒಡೆಯುವ ಗುಳ್ಳೆ, ಸಾಬೂನು ನೀರಲ್ಲಿ ಅದ್ದಿದ ಬೆರಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ನೋಡಬೇಕಾದದ್ದಿದೆ. ಒದ್ದೆ ತಟ್ಟೆಯ ಮೇಲೆ ಅರ್ಧ ಗುಳ್ಳೆ ಊದಿ, ಗಾಳಿ ತಾಗದ ಹಾಗೆ ಗಾಜಿನ ಲೋಟ ಬೋರಲು ಹಾಕಿ. ನ್ಯೂಟನ್ ಕೂಡ ಗುಳ್ಳೆಗೆ ಗಾಜು ಮುಚ್ಚಿಯೇ ನೋಡಿದ್ದ, ಅದರ ವಿವರ 1704ರಲ್ಲಿ ಅಚ್ಚಾಯಿತು. ನೀರು ಕೆಳಗಿಳಿದಂತೆ ಬಣ್ಣದ ಬಳೆಗಳು ಒಂದೊಂದಾಗಿ ಜಾರುತ್ತವೆ. ಕೊನೆಗೆ ನೆತ್ತಿಯಲ್ಲಿ ಒಂದು ಕಪ್ಪು ಚುಕ್ಕೆ. ಅದು ತೂತು ಅಲ್ಲ. ಅಲ್ಲಿ ಗೋಡೆ 30 ನ್ಯಾನೋಮೀಟರಿಗಿಂತಲೂ ತೆಳು. ಹೊರಮೈಯಿಂದ ಬಂದ ಅಲೆಯ ಉಬ್ಬು ಒಳಮೈಯಿಂದ ಬಂದ ಅಲೆಯ ತಗ್ಗಿಗೆ ಬಿದ್ದು, ಎರಡೂ ಸೇರಿ ಬೆಳಕೇ ಅಳಿಸಿಹೋಗಿದೆ. ಗೋಡೆ ಇದೆ, ಕಾಣುವುದಿಲ್ಲ.

ಕಪ್ಪು ಕಂಡ ಕೂಡಲೇ ಎಣಿಸಲು ಶುರು ಮಾಡಿ, ಗುಳ್ಳೆ ಒಡೆಯುವವರೆಗೆ. ಮೊನ್ನೆ ನಮ್ಮ ಜಗಲಿಯಲ್ಲಿ, ಮಳೆ ಹೊಯ್ಯುತ್ತಿರುವಾಗ, ತಂಗಿಯ ಮಗಳ ಎಣಿಕೆ 14ಕ್ಕೆ ಮುಟ್ಟಿತು.