ಏರೋಸ್ಪೇಸ್ ಓದಲು ಫೌಂಡೇಶನ್ ವರ್ಷ ಬೇಕೇ ಬೇಕಾ?

ಪ್ರಶ್ನೆ: ಮಗಳು ಈ ಸಲ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಏರೋಸ್ಪೇಸೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಹುಬ್ಬಳ್ಳಿಯ ಏಜೆಂಟರೊಬ್ಬರು ಬ್ರಿಟನ್ನಿನಲ್ಲಿ ಫೌಂಡೇಶನ್ ವರ್ಷ ಸೇರಿ ನಾಲ್ಕು ವರ್ಷದ ಡಿಗ್ರಿ ತೋರಿಸಿದ್ದಾರೆ. ನಮ್ಮಣ್ಣ ಮಾತ್ರ ಇಲ್ಲೇ ಮೆಕ್ಯಾನಿಕಲ್‌ಗೆ ಹಾಕು ಅಂತಾನೆ. ಯಾರ ಮಾತು ಕೇಳಲಿ? (ಹಾವೇರಿಯ ಓದುಗರು)

ಉತ್ತರ: ಮಗಳಿಗೆ ಗಣಿತ, ಭೌತಶಾಸ್ತ್ರ ಎರಡರಲ್ಲೂ ಒಳ್ಳೆ ಅಂಕ ಇದ್ದರೆ ಫೌಂಡೇಶನ್ ವರ್ಷಕ್ಕೆ ದುಡ್ಡು ಸುರಿಯಬೇಡಿ.

ಬ್ರಿಟನ್ನಿನಲ್ಲಿ ಬಿಇಂಗ್ ಡಿಗ್ರಿ (ನಮ್ಮ ಬಿಇ ಥರದ್ದು) ಸಾಮಾನ್ಯವಾಗಿ ಮೂರು ವರ್ಷದ್ದು. ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ತೆಗೆದುಕೊಳ್ಳದ ಅಥವಾ ಬೇಕಾದಷ್ಟು ಅಂಕ ಬಾರದ ಮಕ್ಕಳಿಗಾಗಿ ಅದಕ್ಕೂ ಮೊದಲು ಒಂದು ವರ್ಷ ಜೋಡಿಸುತ್ತಾರೆ, ಅದೇ ಫೌಂಡೇಶನ್ ವರ್ಷ. ಆ ವರ್ಷದಲ್ಲಿ ಕಲಿಸುವ ಕ್ಯಾಲ್ಕುಲಸ್, ವೆಕ್ಟರ್, ಮೆಕ್ಯಾನಿಕ್ಸ್ ಬಹುಪಾಲು ನಮ್ಮ ಮಕ್ಕಳು ಪಿಯುಸಿಯಲ್ಲಿ ಮುಗಿಸಿದ್ದೇ. ಇನ್ನೊಂದು ವಿಷಯವನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿ: ಫೌಂಡೇಶನ್‌ನಲ್ಲಿ ಅವರು ಹೇಳಿದಷ್ಟು ಅಂಕ ಬರದಿದ್ದರೆ ಮುಂದಿನ ಡಿಗ್ರಿ ಸೀಟು ಸಿಗುವುದಿಲ್ಲ. ಫೀಸು ಮಾತ್ರ ಕಟ್ಟಿಯಾಗಿರುತ್ತದೆ.

ಹಾಗಾಗಿ ಏಜೆಂಟರನ್ನು ಬಿಟ್ಟು ನೇರ ವಿಶ್ವವಿದ್ಯಾಲಯಕ್ಕೇ ಮೇಲ್ ಮಾಡಿ. ಕರ್ನಾಟಕ ಬೋರ್ಡಿನ ಪಿಯುಸಿಯಲ್ಲಿ ಇಷ್ಟು ಅಂಕ ಇದೆ, ನೇರ ಮೊದಲ ವರ್ಷಕ್ಕೆ ತಗೋತೀರಾ ಅಂತ ಕೇಳಿ. ಒಂದು ವಿಶ್ವವಿದ್ಯಾಲಯ ಬೇಡ ಅಂದದ್ದನ್ನು ಇನ್ನೊಂದು ಒಪ್ಪಬಹುದು. ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಇರುತ್ತದೆ ಅನ್ನೋದೂ ನೆನಪಿರಲಿ.

ಫೌಂಡೇಶನ್ ನಿಜಕ್ಕೂ ಬೇಕಾಗುವುದು ಕಾಮರ್ಸ್ ಓದಿದವರಿಗೆ, ಅಥವಾ ಗಣಿತ ಬಿಟ್ಟು ಬಯಾಲಜಿ ತಗೊಂಡು ಈಗ ಮನಸ್ಸು ಬದಲಿಸಿದವರಿಗೆ. ನಮ್ಮಲ್ಲಿ ಸಿಇಟಿ ಮೂಲಕ ಬಿಇ ಸೇರಲು ಗಣಿತ, ಭೌತಶಾಸ್ತ್ರ ಇರಲೇಬೇಕು. ಅಂಥ ಮಕ್ಕಳಿಗೆ ಆ ವರ್ಷ ಒಂದು ಒಳ್ಳೆಯ ದಾರಿ. ಹತ್ತನೇ ಕ್ಲಾಸಿನ ನಂತರ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರ ಎರಡನೇ ವರ್ಷದ ಬಿಇಗೆ ಬರುವ ದಾರಿ ನಮ್ಮಲ್ಲೇ ಇದೆ. ಈ ದಾರಿಯಲ್ಲಿ ಬಂದವರು ಎಡವುವುದು ಹೆಚ್ಚಾಗಿ ಗಣಿತದಲ್ಲೇ. ಡಿಪ್ಲೊಮಾ ಮಕ್ಕಳು ಈಗಲೇ ಅದನ್ನು ಗಟ್ಟಿ ಮಾಡಿಕೊಳ್ಳಲಿ.

ಇನ್ನು ನಿಮ್ಮಣ್ಣನ ಮಾತಿಗೆ ಬರೋಣ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರೋಸ್ಪೇಸ್ ಮತ್ತು ಮೆಕ್ಯಾನಿಕಲ್ ಎರಡರ ಸಿಲಬಸ್ ತೆಗೆದು ಓದಿ. ಮೊದಲ ವರ್ಷ ಹೆಚ್ಚುಕಮ್ಮಿ ಒಂದೇ. ಎರಡನೇ ವರ್ಷದಲ್ಲೂ ಥರ್ಮೊಡೈನಾಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ವಸ್ತುಗಳ ಬಲ ಎರಡೂ ಕಡೆ ಇರುತ್ತವೆ. ದಾರಿ ಬೇರೆಯಾಗುವುದು ಆಮೇಲೆ. ಒಂದು ಕಡೆ ರೆಕ್ಕೆಯ ಮೇಲೆ ಗಾಳಿಯ ಒತ್ತಡ, ಹಾರಾಟದ ಸ್ಥಿರತೆ, ಜೆಟ್ ಎಂಜಿನ್. ಇನ್ನೊಂದು ಕಡೆ ಯಂತ್ರಗಳ ವಿನ್ಯಾಸ, ತಯಾರಿಕೆ, ಶಾಖ ಸಾಗಣೆ. ಓದುವಾಗ ಯಾವ ಪುಟದ ಹತ್ತಿರ ಅವಳ ಕಣ್ಣು ನಿಲ್ಲುತ್ತದೆ, ಗಮನಿಸಿ.

ಕೆಲಸದ ಮಾತು ಬಂದರೆ ವಿಮಾನ ಅಂದರೆ ಏರೋಸ್ಪೇಸ್ ಡಿಗ್ರಿಯವರಷ್ಟೇ ಅಲ್ಲ. ಇಸ್ರೋ ವಿಜ್ಞಾನಿ ಹುದ್ದೆಗಳಿಗೆ ಪದೇ ಪದೇ ಕರೆಯುವುದು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನವರನ್ನು. ಬೆಳಗಾವಿ ದಾಟಿ ಕೊಲ್ಹಾಪುರದ ಕಡೆ ಹೊರಟರೆ ಹತ್ತರಗಿ ಬರುತ್ತದಲ್ಲ, ಅಲ್ಲಿನ ಏಕಸ್ ಕಂಪನಿಯ ಕೈಗಾರಿಕಾ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಲೋಹದ ಗಟ್ಟಿಯನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಕೊಟ್ಟು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂತೆ ಕೊರೆದು, ಅಳೆದು, ಮೇಲ್ಮೈ ಸಂಸ್ಕರಿಸಿ ಕಳಿಸುವ ಕೆಲಸ. ಮೆಕ್ಯಾನಿಕಲ್ ಕಲಿತವರಿಗೆ ಹೇಳಿ ಮಾಡಿಸಿದ್ದು. ವಿಮಾನದ ವೈರಿಂಗ್, ನ್ಯಾವಿಗೇಶನ್ ಬಗ್ಗೆ ಆಸಕ್ತಿ ಇದ್ದರೆ ಎಲೆಕ್ಟ್ರಾನಿಕ್ಸ್ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ವಿಂಡ್ ಟನಲ್ (ವಿಮಾನದ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಮತ್ತು ಏರೋಸ್ಪೇಸ್‌ನ ಕಾಯಂ ಮೇಷ್ಟ್ರು ಇರುವ ಕಾಲೇಜಿನಲ್ಲಿ ಸೀಟು ಸಿಕ್ಕರೆ ಏರೋಸ್ಪೇಸ್ ಸೇರಿಸಿ. ಸೇರಿಸುವ ಮುಂಚೆ ಲ್ಯಾಬ್‌ಗೆ ಹೋಗಿ ಟನಲ್ ಓಡಿಸಿ ತೋರಿಸಿ ಅನ್ನಿ, ಸಂಕೋಚ ಬೇಡ. ಅಂಥದ್ದು ಸಿಗದಿದ್ದರೆ ಹೆಸರಿನ ಆಸೆಗೆ ಎಲ್ಲೋ ಸೇರಿಸುವ ಬದಲು ಹುಬ್ಬಳ್ಳಿಯ ಕೆಎಲ್‌ಇ ಟೆಕ್‌ನಲ್ಲೋ (1947ರ ಹಳೆಯ ಬಿವಿಬಿ ಕಾಲೇಜು), ಧಾರವಾಡದ ಎಸ್‌ಡಿಎಂನಲ್ಲೋ ಮೆಕ್ಯಾನಿಕಲ್ ಓದಲಿ. ಜೆಇಇ ಅಡ್ವಾನ್ಸ್ಡ್ ಬರೆದಿದ್ದರೆ ಧಾರವಾಡ ಐಐಟಿಯನ್ನೂ, ಬಾಹ್ಯಾಕಾಶ ಇಲಾಖೆಯ ತಿರುವನಂತಪುರದ ಐಐಎಸ್‌ಟಿಯನ್ನೂ ಮರೆಯಬೇಡಿ. ಮೆಕ್ಯಾನಿಕಲ್ ಮಾಡಿದವರು ಗೇಟ್ ಪ್ರವೇಶ ಪರೀಕ್ಷೆ ಬರೆದು ಏರೋಸ್ಪೇಸ್ ಎಂಟೆಕ್‌ಗೆ ಹೋಗಬಹುದು.

ಎಎಂಇ ಅಂತ ಇನ್ನೊಂದು ಕೋರ್ಸಿನ ಜಾಹೀರಾತೂ ಕಣ್ಣಿಗೆ ಬೀಳುತ್ತದೆ. ಅದು ವಿಮಾನದ ನಿರ್ವಹಣೆ, ರಿಪೇರಿಯದು. ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ) ಲೈಸೆನ್ಸ್ ಬೇಕು. ಒಳ್ಳೆ ಕಸುಬೇ, ಆದರೆ ಬಿಇ ಅಲ್ಲ.

ಹೊರದೇಶಕ್ಕೆ ಹೋಗಲೇಬೇಕು ಅಂತಿದ್ದರೆ ಎರಡು ವಿಷಯ ಮೊದಲೇ ಗೊತ್ತಿರಲಿ. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಮಟ್ಟದ ಏರೋಸ್ಪೇಸ್ ಓದಲು ಭಾರತೀಯರಿಗೆ ಎಟಿಎಎಸ್ ಎಂಬ ಸರ್ಕಾರಿ ಅನುಮತಿ ಬೇಕು. ಅಲ್ಲಿನ ರಕ್ಷಣಾ ಕಂಪನಿಗಳ ಹಲವು ಕೆಲಸ ಹೊರದೇಶದವರಿಗೆ ಸಿಗುವುದೇ ಇಲ್ಲ. ಜರ್ಮನಿಯಲ್ಲಿ ಫೌಂಡೇಶನ್ ಥರದ್ದೇ ಸ್ಟುಡಿಯೆನ್‌ಕೊಲೆಗ್ ಇದೆ. ಆದರೆ ಪಿಯುಸಿ ಆದಮೇಲೆ ಇಲ್ಲಿ ಮಾನ್ಯತೆ ಇರುವ ಕಾಲೇಜಿನಲ್ಲಿ ಒಂದು ವರ್ಷ ಬಿಇ ಪಾಸಾದವರು ಸಾಮಾನ್ಯವಾಗಿ ಅದಿಲ್ಲದೆ ಅದೇ ವಿಭಾಗಕ್ಕೆ ಅರ್ಜಿ ಹಾಕಬಹುದು. ಅಲ್ಲಿ ಬ್ಯಾಚುಲರ್ ಪಾಠ ಬಹುತೇಕ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಹಾಗಾಗಿ ಬಿಇ ಮೊದಲ ವರ್ಷದ ಜೊತೆಗೇ ಭಾಷೆಯನ್ನೂ ಶುರು ಮಾಡಲಿ.