ಸ್ವಾಯತ್ತ ನರಮಂಡಲ: ಆರದ ದಣಿವಿಗೂ ಅದಕ್ಕೂ ಏನು ನಂಟು?

ಬಿಸಿ ಹಾಲು ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಗಾಯ ಆರುತ್ತದೆ. ಕನ್ನಡದಲ್ಲಿ ದಣಿವೂ ಆರುತ್ತದೆ. ಸ್ವಲ್ಪ ಹೊತ್ತು ಕೂತರೆ ತಾನಾಗಿ ಇಳಿಯುತ್ತದೆ ಅನ್ನುವ ನಂಬಿಕೆ ಆ ಮಾತಿನಲ್ಲೇ ಇದೆ. ಆದರೆ ಎಷ್ಟೋ ಹೆಂಗಸರು "ಯಾಕೋ ಸುಸ್ತು" ಅನ್ನುತ್ತಾರಲ್ಲ, ಆ ಸುಸ್ತಿನ ಕಥೆ ಬೇರೆ. ಏಳೆಂಟು ಗಂಟೆ ಮಲಗಿ ಎದ್ದರೂ ಅದು ಅಲ್ಲೇ ಇರುತ್ತದೆ. ಮೈ ಸೋತಿರುತ್ತದೆ, ಎದೆ ಮಾತ್ರ ಸುಮ್ನೆ ಡವಡವ ಅನ್ನುತ್ತಿರುತ್ತದೆ. ಇಂಥ ಆರದ ದಣಿವಿನ ಮಾತು ಬಂದಾಗ ಈಗೀಗ ಕೇಳಿಬರುವ ಪದ ಸ್ವಾಯತ್ತ ನರಮಂಡಲ. ಆಟೊನಾಮಿಕ್ ನರ್ವಸ್ ಸಿಸ್ಟಮ್ ಅಂತಲೂ ಕೇಳಿರುತ್ತೀರಿ.

ಸ್ವಾಯತ್ತ ಅಂದರೆ ತನ್ನ ಹಿಡಿತದಲ್ಲಿ ತಾನೇ ಇರುವಂಥದ್ದು. ಸ್ವಾಯತ್ತ ಸಂಸ್ಥೆ ಅನ್ನುತ್ತೇವಲ್ಲ, ಅದೇ ಪದ. ಕೈ ಎತ್ತು ಅಂದರೆ ಕೈ ಎತ್ತಬಹುದು. ಹೃದಯಕ್ಕೆ ನಿಧಾನ ಮಾಡು ಅಂತಲೋ, ಕರುಳಿಗೆ ಬೇಗ ಅರಗಿಸು ಅಂತಲೋ ಹೇಳಿ ನೋಡಿ, ಕೇಳುವುದಿಲ್ಲ. ಹೃದಯದ ಬಡಿತ, ರಕ್ತದೊತ್ತಡ, ಬೆವರು, ಜೀರ್ಣ, ಮೂತ್ರಕೋಶ, ಕಣ್ಣಿನ ಪಾಪೆ ಇವನ್ನೆಲ್ಲ ನಮ್ಮನ್ನು ಕೇಳದೆಯೇ ನಡೆಸುವ ನರಗಳ ಜಾಲ ಇದು. 1898ರಲ್ಲಿ ಈ ಹೆಸರು ಕೊಟ್ಟವರು ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ.

ಇದರಲ್ಲಿ ಎರಡು ಮುಖ್ಯ ಕವಲು. ಸಿಂಪಥೆಟಿಕ್ ಕವಲು ಮೈಯನ್ನು ಎಚ್ಚರಿಸುತ್ತದೆ: ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ "ಕಾದಾಡು ಇಲ್ಲವೇ ಓಡು" ಸ್ಥಿತಿ ಇದೇ. ಪ್ಯಾರಾಸಿಂಪಥೆಟಿಕ್ ಕವಲು ಮೈಯನ್ನು ತಣಿಸುತ್ತದೆ. ಇದರ ದೊಡ್ಡ ನರ ವೇಗಸ್. ಲ್ಯಾಟಿನ್‌ನಲ್ಲಿ ಅಲೆಮಾರಿ ಅಂತ ಅರ್ಥ. ತಲೆಬುರುಡೆಯ ಬುಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯ ತನಕ ಅಲೆಯುತ್ತದೆ, ಹೆಸರು ಸುಮ್ನೆ ಬಂದಿಲ್ಲ.

ಇದನ್ನು ಕೈಯಲ್ಲೇ ಹಿಡಿದು ನೋಡಬಹುದು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಎಳೆದುಕೊಂಡಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ಬಡಿತಗಳ ನಡುವೆ ಜಾಗ ಹೆಚ್ಚುತ್ತದೆ. ಎಲ್ಲರಿಗೂ ಒಂದೇ ಸಲಕ್ಕೆ ಗೊತ್ತಾಗುವುದಿಲ್ಲ, ಎರಡು ಮೂರು ಸಲ ಬೇಕಾಗಬಹುದು. ಆ ಏರಿಳಿತ ವೇಗಸ್ ನರದ ಕೆಲಸ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ 70ರ ಆಸುಪಾಸಿನಲ್ಲಿದೆ ಅಂದರೆ ವೇಗಸ್ ಲಗಾಮು ಹಿಡಿದಿದೆ ಅಂತಲೇ ಅರ್ಥ. ಅಂದರೆ ವಿಶ್ರಾಂತಿ ಅನ್ನುವುದು ಕೆಲಸ ನಿಂತ ಮಾತ್ರಕ್ಕೆ ಬರುವುದಿಲ್ಲ. ಅದನ್ನೂ ಒಂದು ನರ ಮಾಡಬೇಕು.

ಇನ್ನು ಹೆಂಗಸರ ದಿನಚರಿಗೆ ಬರೋಣ. ರಾತ್ರಿ ಎರಡು ಗಂಟೆ. ಪಕ್ಕದ ಕೋಣೆಯಲ್ಲಿ ಮಗು ಒಮ್ಮೆ ಕೆಮ್ಮುತ್ತದೆ. ಅಷ್ಟಕ್ಕೇ ತಾಯಿಗೆ ಎಚ್ಚರ. ಎದೆ ಹೊಡೆದುಕೊಳ್ಳುತ್ತಿದೆ, ಕಾಲು ಆಗಲೇ ನೆಲದ ಮೇಲಿದೆ. ಮಗು ಮಗ್ಗುಲು ಬದಲಿಸಿ ಮಲಗಿಬಿಡುತ್ತದೆ. ರಕ್ತಕ್ಕೆ ಬಂದ, ಮೈಯನ್ನು ಎಚ್ಚರಿಸುವ ಹಾರ್ಮೋನ್ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಜೊತೆಗೆ ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಏರಿದ್ದರೆ ಅದು ಅಷ್ಟು ಬೇಗ ಹೋಗುವುದಿಲ್ಲ. ಇತ್ತ ತಲೆಯಲ್ಲಿ ನಾಳೆಯ ಪಟ್ಟಿ ಶುರುವಾಗಿರುತ್ತದೆ. ಮತ್ತೆ ಮಲಗುತ್ತಾಳೆ, ಆದರೆ ಕಿವಿ ಮಲಗುವುದಿಲ್ಲ. ಮಗುವಿನ ಬದಲು ವಯಸ್ಸಾದ ಅತ್ತೆ ಇರಬಹುದು, ರಾತ್ರಿ ಪಾಳಿಯ ಫೋನ್ ಇರಬಹುದು. ಹಗಲಲ್ಲೂ ಅಷ್ಟೆ. ಕೂತಿರುತ್ತಾಳೆ, ಒಂದು ಕಿವಿ ಒಲೆಯ ಕಡೆ, ಇನ್ನೊಂದು ಬಾಗಿಲ ಕಡೆ. ನೋಡಿದವರು "ಕೂತೇ ಇದ್ದೀಯಲ್ಲ, ಯಾತರ ಸುಸ್ತು?" ಅನ್ನುತ್ತಾರೆ. ಕೂತದ್ದು ಮೈ, ಕಾವಲು ಇಳಿದಿಲ್ಲ ಅನ್ನುವುದು ಅವರಿಗೆ ಕಾಣುವುದಿಲ್ಲ.

ಇದರ ಮೇಲೆ ಹಾರ್ಮೋನುಗಳು. ಅಂಡ ಬಿಡುಗಡೆಯಾದ ಮೇಲೆ, ಮುಟ್ಟಿಗೆ ಮುಂಚಿನ ಎರಡು ವಾರ ಮೈ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿರುತ್ತದೆ, ಬಡಿತವೂ ತುಸು ಜಾಸ್ತಿ. ಬಸಿರಿನಲ್ಲಿ ರಕ್ತದ ಪ್ರಮಾಣವೇ ಹೆಚ್ಚುಕಡಿಮೆ ಒಂದೂವರೆ ಪಟ್ಟಿನ ತನಕ ಹೋಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಇಳಿದು, ಮೈ ಬಿಸಿ ನೋಡಿಕೊಳ್ಳುವ ಮಿದುಳಿನ ಭಾಗ ಸಣ್ಣ ಏರಿಳಿತಕ್ಕೂ ಗಾಬರಿ ಬೀಳುತ್ತದೆ. ಮುಖಕ್ಕೆ ಕಾವು ಏರುವುದು, ನಡುರಾತ್ರಿ ಬೆವರಿ ಏಳುವುದು ಇದರಿಂದಲೇ. ಬೆವರು ಹರಿಸುವುದೂ ಸಿಂಪಥೆಟಿಕ್ ನರಗಳೇ.

ಒಂದು ಎಚ್ಚರಿಕೆ. "ನರಮಂಡಲ ರೀಸೆಟ್ ಮಾಡಿ" ಅನ್ನುವ ವಿಡಿಯೊಗಳ ಕಾಲ ಇದು. ಉದ್ದ ಉಸಿರು ಬಿಟ್ಟರೆ ಆ ಹೊತ್ತಿಗೆ ಬಡಿತ ಇಳಿಯುವುದು ನಿಜ, ಈಗಷ್ಟೇ ಬೆರಳಲ್ಲಿ ನೋಡಿದಿರಿ. ಆದರೆ ರೀಸೆಟ್ ಮಾಡಲು ಅಲ್ಲಿ ಗುಂಡಿಯೇನೂ ಇಲ್ಲ. ರಾತ್ರಿ ಎದ್ದು ನೋಡುವ ಪಾಳಿ ಇನ್ನೊಬ್ಬರಿಗೆ ಹೋದರೆ ಆಗುವ ಉಪಕಾರ ಐದು ನಿಮಿಷದ ಉಸಿರಾಟದಿಂದ ಆಗುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ. ಇನ್ನು ಜಾಹೀರಾತುಗಳ "ನರದೌರ್ಬಲ್ಯ"ಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ.

ಹಾಗೇ ಎಲ್ಲ ಸುಸ್ತನ್ನೂ ಈ ನರಗಳ ತಲೆಗೆ ಕಟ್ಟಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಮೂವರಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾದರೆ ಹೃದಯ ಜಾಸ್ತಿ ಬಡಿದು ಸರಿದೂಗಿಸಬೇಕು. ಅಂದರೆ ಎಷ್ಟೋ ಸಲ ಕಾರಣ ಕಬ್ಬಿಣದ ಕೊರತೆ, ಏದುಸಿರು ಬಿಡುವುದು ನರಮಂಡಲ. ಹಿಮೋಗ್ಲೋಬಿನ್ ಸರಿಯಿದ್ದು, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಾತ್ರ ತಳ ಮುಟ್ಟಿದ್ದರೂ ಸುಸ್ತಾಗಬಹುದು. ಥೈರಾಯ್ಡ್ ಕೂಡ ನೋಡಿಸಬೇಕು. ಇವು ಸಾದಾ ರಕ್ತಪರೀಕ್ಷೆಗಳು, ಮೊದಲು ಇವೇ ಆಗಲಿ.

ನರಮಂಡಲವೇ ಎಡವಿದ್ದರೆ ಅದು ಜಾಸ್ತಿ ಗೊತ್ತಾಗುವುದು ಎದ್ದು ನಿಂತಾಗ. ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡ ಅಳೆಯುವ ನರತುದಿಗಳು ಇದನ್ನು ಹಿಡಿದು ಸುದ್ದಿ ಮುಟ್ಟಿಸುತ್ತವೆ, ರಕ್ತನಾಳಗಳು ಬಿಗಿಯಾಗುತ್ತವೆ, ತಲೆಗೆ ರಕ್ತ ತಪ್ಪುವುದಿಲ್ಲ. ಇದು ಸರಿಯಾಗಿ ನಡೆಯದ ಒಂದು ಸ್ಥಿತಿಗೆ 1993ರಲ್ಲಿ ಪಾಟ್ಸ್ (ಪೋಸ್ಚುರಲ್ ಆರ್ಥೋಸ್ಟಾಟಿಕ್ ಟ್ಯಾಕಿಕಾರ್ಡಿಯಾ ಸಿಂಡ್ರೋಮ್, ಅಂದರೆ ನಿಂತಾಗ ಬಡಿತ ಏರುವ ತೊಂದರೆ) ಅಂತ ಹೆಸರಿಟ್ಟರು. ರಕ್ತದೊತ್ತಡ ಬೀಳುವುದಿಲ್ಲ, ಆದರೆ ನಿಂತ 10 ನಿಮಿಷದೊಳಗೆ ಬಡಿತ ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಏರುತ್ತದೆ. ಹದಿಹರೆಯದವರಲ್ಲಿ ಈ ಗೆರೆ 40. ಇದು ಬರುವವರಲ್ಲಿ ಬಹುಪಾಲು ಹೆಂಗಸರು, ಅದರಲ್ಲೂ ಕಿರಿಯರು. ಎಷ್ಟೋ ಜನಕ್ಕೆ ಮೊದಲು ಸಿಗುವ ಉತ್ತರ "ಟೆನ್ಶನ್ ಮಾಡ್ಕೋಬೇಡಿ" ಅನ್ನುವುದು.

ನಿಂತರೆ ತಲೆ ಹಗುರಾಗುತ್ತದೆ, ಮಲಗಿದರೆ ಸರಿಹೋಗುತ್ತದೆ ಅನ್ನುವವರು ವೈದ್ಯರ ಬಳಿ ಹೋಗುವ ಮುಂಚೆ ಅದೇ ಎರಡು ಬೆರಳನ್ನು ಮತ್ತೆ ಮಣಿಕಟ್ಟಿಗೆ ಇಡಬಹುದು. ಐದು ನಿಮಿಷ ಮಲಗಿ ನಾಡಿ ಎಣಿಸಿ. ಗೋಡೆ ಪಕ್ಕದಲ್ಲಿ, ಯಾರಾದರೂ ಹತ್ತಿರ ಇರುವಾಗ ಎದ್ದು ನಿಂತು ಎರಡು, ಐದು, ಹತ್ತನೇ ನಿಮಿಷಕ್ಕೆ ಮತ್ತೆ ಎಣಿಸಿ. ಕಣ್ಣು ಕತ್ತಲೆ ಬಂದರೆ ತಕ್ಷಣ ಕೂತುಬಿಡಿ. ನಾಲ್ಕೂ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಯಾಕೋ ಸುಸ್ತು" ಅಂದಾಗ ತಲೆ ಎತ್ತದವರೂ ಆ ಚೀಟಿ ನೋಡಿ ಇನ್ನೆರಡು ಪ್ರಶ್ನೆ ಕೇಳಬಹುದು.