ಯುದ್ಧದ ವರ್ಷಗಳನ್ನೇ ಹಾರಿಸಿದ ಯುದ್ಧಕಾಲದ ಕಥೆ: ‘ಮಿಸ್ಟರ್ ಸೆಲ್ಫ್‌ರಿಜ್’ ಹಿನ್ನೆಲೆ

ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿರುವ ಸೆಲ್ಫ್‌ರಿಜಸ್ ಅಂಗಡಿಯನ್ನು ಕಟ್ಟಿದವರ ಕಥೆ ‘ಮಿಸ್ಟರ್ ಸೆಲ್ಫ್‌ರಿಜ್’. ಬ್ರಿಟನ್ನಿನ ಐಟಿವಿಯಲ್ಲಿ 2013ರಿಂದ 2016ರವರೆಗೆ ನಾಲ್ಕು ಸರಣಿಗಳಾಗಿ ಈ ಧಾರಾವಾಹಿ ಬಂತು. ಎರಡನೇ ಸರಣಿ ನಡೆಯುವುದು 1914ರಲ್ಲಿ. ಅಂಗಡಿಗೆ ಐದು ವರ್ಷ ತುಂಬಿದ ಸಂಭ್ರಮ, ಅದರ ಬೆನ್ನಿಗೇ ಮೊದಲ ಮಹಾಯುದ್ಧ. ಹುಡುಗರು ಸೈನ್ಯಕ್ಕೆ ಹೆಸರು ಕೊಡುತ್ತಾರೆ. ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತನೊಬ್ಬನಿಗೆ ಅಂಗಡಿಯ ವಿಭಾಗವೊಂದರ ಮುಖ್ಯಸ್ಥೆ ಮಿಸ್ ಮಾರ್ಡಲ್ ತನ್ನ ಮನೆಯಲ್ಲಿ ಜಾಗ ಕೊಡುತ್ತಾಳೆ. ಸೈನಿಕರ ಬೂಟಿನ ಗುತ್ತಿಗೆಯಲ್ಲಿ ಮೋಸ ನಡೆಯುತ್ತದೆ. ಕಥೆ ಕಾವೇರಿತು ಅನ್ನುವ ಹೊತ್ತಿಗೆ ಸರಣಿ ಮುಗಿಯುತ್ತದೆ. ಮೂರನೆಯದು ತೆರೆದುಕೊಳ್ಳುವುದು 1918ರಲ್ಲಿ, ಅಂಗಡಿಯ ಮಾಲೀಕ ಹ್ಯಾರಿಯ ಹೆಂಡತಿ ರೋಸ್ ಅಂತ್ಯಕ್ರಿಯೆಯಿಂದ. ಅಲ್ಲಿಂದ ನೇರ 1919ಕ್ಕೆ.

ಅಂದರೆ ನಡುವಿನ ವರ್ಷಗಳೇ ತೆರೆಯ ಮೇಲೆ ಇಲ್ಲ. ನನಗೆ ಈ ಧಾರಾವಾಹಿ ಬಹಳ ಇಷ್ಟ, ಅದಕ್ಕೇ ಈ ಕೊರತೆ ಜಾಸ್ತಿ ಕಾಡುತ್ತದೆ. ಅಂಗಡಿ ಕೆಲಸದ ಹೆಣ್ಣುಮಕ್ಕಳ ಬದುಕು ತಲೆಕೆಳಗಾದದ್ದು ಅದೇ ವರ್ಷಗಳಲ್ಲಿ. ಆ ಕಥೆ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಹ್ಯಾರಿ ಗಾರ್ಡನ್ ಸೆಲ್ಫ್‌ರಿಜ್ ಅಮೆರಿಕದವರು. ಷಿಕಾಗೋದ ಮಾರ್ಷಲ್ ಫೀಲ್ಡ್ ಅಂಗಡಿಯಲ್ಲಿ ಸುಮಾರು 25 ವರ್ಷ ದುಡಿದು, ಕೆಳಗಿನ ಕೆಲಸದಿಂದ ಪಾಲುದಾರನ ಮಟ್ಟಕ್ಕೆ ಏರಿದವರು. ಆಮೇಲೆ ಲಂಡನ್ನಿಗೆ ಬಂದು 1909ರ ಮಾರ್ಚ್ 15ರಂದು ತಮ್ಮದೇ ಅಂಗಡಿ ತೆರೆದರು. ಅದಕ್ಕೂ ಮುಂಚೆ ಲಂಡನ್ನಿನ ಹೆಚ್ಚಿನ ಬಟ್ಟೆ ಅಂಗಡಿಗಳಲ್ಲಿ ಸಾಮಾನು ಕೌಂಟರಿನ ಹಿಂದೆ, ಡ್ರಾಯರುಗಳ ಒಳಗೆ ಇರುತ್ತಿತ್ತು. ಬಾಗಿಲಲ್ಲೇ ಒಬ್ಬ ನಿಂತು ಏನು ಬೇಕು ಎಂದು ಕೇಳುತ್ತಿದ್ದ. ಸುಮ್ನೆ ನೋಡಲು ಬಂದೆ ಅಂದರೆ ಮುಖ ಗಂಟಿಕ್ಕುತ್ತಿದ್ದ. ಸೆಲ್ಫ್‌ರಿಜ್ ಸಾಮಾನನ್ನೆಲ್ಲ ಎದುರಿಗೆ ತಂದು ಹರವಿದರು. ಮುಟ್ಟಿ ನೋಡಿ, ಇಷ್ಟವಾದರೆ ಕೊಳ್ಳಿ, ಇಲ್ಲದಿದ್ದರೆ ಓಡಾಡಿಕೊಂಡು ಹೋಗಿ ಎಂದರು. ಅದೇ ವರ್ಷ ಜುಲೈನಲ್ಲಿ ಲೂಯಿ ಬ್ಲೆರಿಯೊ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದ ವಿಮಾನವನ್ನು ಅಂಗಡಿಯೊಳಗೇ ತಂದು ನಿಲ್ಲಿಸಿದರು. ನೋಡಲು ಜನ ಮುಗಿಬಿದ್ದರು. 1925ರಲ್ಲಿ ಜಾನ್ ಲೋಗಿ ಬೇರ್ಡ್ ತನ್ನ ಹೊಸ ಯಂತ್ರವಾದ ಟೆಲಿವಿಷನ್ನನ್ನು ಜನರಿಗೆ ತೋರಿಸಿದ್ದೂ ಇದೇ ಅಂಗಡಿಯಲ್ಲಿ. ಟಿವಿಯಲ್ಲಿ ಈ ಅಂಗಡಿಯ ಕಥೆ ಬರುವುದಕ್ಕೆ ಎಷ್ಟೋ ಮುಂಚೆ, ಟಿವಿಯೇ ಈ ಅಂಗಡಿಗೆ ಬಂದಿತ್ತು!

ಇಷ್ಟೂ ಮಾಲೀಕನ ಕಡೆಯ ಕಥೆ. ಧಾರಾವಾಹಿಯೂ ಅವನನ್ನೇ ನಡುವೆ ನಿಲ್ಲಿಸುತ್ತದೆ. ಜೆರೆಮಿ ಪಿವನ್ ಹ್ಯಾರಿಯಾಗಿ ತೆರೆ ತುಂಬಿಕೊಳ್ಳುತ್ತಾರೆ. ಆದರೆ ಕಥೆಗೆ ಜೀವ ಬರುವುದು ಏಸ್ಲಿಂಗ್ ಲಾಫ್ಟಸ್ ಮಾಡಿದ ಆಗ್ನೆಸ್ ಟೌಲರ್ ಬಂದಾಗ ಅಂತ ನನ್ನ ಅನಿಸಿಕೆ. ಬಡ ಮನೆಯ ಹುಡುಗಿ, ಕುಡುಕ ಅಪ್ಪ, ಬೆನ್ನಿಗೆ ತಮ್ಮ. ಕೌಂಟರಿನಲ್ಲಿ ನಿಂತವಳು ಮುಂದೆ ಡಿಸ್‌ಪ್ಲೇ ವಿಭಾಗದ ಮುಖ್ಯಸ್ಥೆ ಆಗುತ್ತಾಳೆ. ಇದು ಕಟ್ಟುಕಥೆ. ಆದರೆ ಆಗ್ನೆಸ್‌ನಂತಹ ಸಾವಿರಾರು ಹುಡುಗಿಯರು ಆಗ ನಿಜಕ್ಕೂ ಇದ್ದರು. ಅವರ ಬದುಕು ಧಾರಾವಾಹಿಯ ಹೊಳಪಿಗಿಂತ ಎಷ್ಟೋ ಕಷ್ಟದ್ದು.

ಆಗಿನ ಬ್ರಿಟನ್ನಿನ ಅನೇಕ ಅಂಗಡಿಗಳಲ್ಲಿ ಕೆಲಸದವರು ಮಾಲೀಕರೇ ಕೊಟ್ಟ ಜಾಗದಲ್ಲಿ ಇರಬೇಕಿತ್ತು. ಅಂಗಡಿಯ ಮಾಳಿಗೆಯಲ್ಲೋ ಪಕ್ಕದ ಕಟ್ಟಡದಲ್ಲೋ ಸಾಲು ಮಂಚ. ಊಟ, ವಸತಿ ಕೊಡುತ್ತೇವೆ ಎಂದು ಸಂಬಳ ಕಡಿಮೆ. ರಾತ್ರಿ ಇಷ್ಟು ಗಂಟೆಗೆ ಬಾಗಿಲು ಹಾಕುತ್ತೇವೆ, ದೀಪ ಆರಿಸಬೇಕು, ಗೋಡೆಗೆ ಚಿತ್ರ ಅಂಟಿಸಬಾರದು ಅಂತ ಉದ್ದನೆಯ ನಿಯಮಗಳ ಪಟ್ಟಿ. ತಪ್ಪಿದರೆ ದಂಡ. ಕೆಲಸ ಹೋದರೆ ಅದೇ ದಿನ ಮನೆಯೂ ಹೋಯಿತು. ದಿನವಿಡೀ ನಿಂತೇ ಇರಬೇಕಿತ್ತು. ಕೊನೆಗೆ 1899ರಲ್ಲಿ ಒಂದು ಕಾನೂನು ಬಂತು: ಮೂವರು ಹೆಣ್ಣಾಳುಗಳಿಗೆ ಒಂದು ಕುರ್ಚಿಯಾದರೂ ಇಡಬೇಕು. ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಕೇರಳದಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಾಗಿ ಸಿಕ್ಕಿದ್ದು 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ. ಅದೂ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ.

ಈ ಕತ್ತಲನ್ನು ಹೊರಗೆ ತಂದವರಲ್ಲಿ ಮಾರ್ಗರೆಟ್ ಬಾಂಡ್‌ಫೀಲ್ಡ್ ಮುಖ್ಯರು. 14ನೇ ವಯಸ್ಸಿಗೇ ಬಟ್ಟೆ ಅಂಗಡಿಗೆ ಸೇರಿದವರು. ಆಮೇಲೆ ಅಂಗಡಿ ನೌಕರರ ಸಂಘ ಸೇರಿ, ಬೇರೆ ಹೆಸರಿನಲ್ಲಿ ಸಂಘದ ಪತ್ರಿಕೆಗೆ ಬರೆದರು. ಈ ವಸತಿ ಪದ್ಧತಿ ಹೇಗಿದೆ ಎಂದು ಒಳಗಿನಿಂದಲೇ ಕಂಡು ಬರೆದ ಬರಹ ಅದು. 1911ರ ಕಾನೂನು ವಾರಕ್ಕೆ ಅರ್ಧ ದಿನ ರಜೆ ಕೊಟ್ಟಿತು. ಯುದ್ಧ ಬರುವ ಮುಂಚೆ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿತು. ವ್ಯಾಪಾರ ಎಂದಿನಂತೆ ನಡೆಯುತ್ತದೆ ಎಂದು ಅಂಗಡಿಗಳು ಘೋಷಿಸಿದವು. ಸೆಲ್ಫ್‌ರಿಜ್ ಕೂಡ ಅದೇ ಘೋಷಣೆ ಹಿಡಿದರು. ಆದರೆ ಆ ಚಳಿಗಾಲಕ್ಕೆ ಮೊದಲೇ ಬೇರೊಂದು ಸಂಗತಿ ನಡೆದಿತ್ತು. ಶ್ರೀಮಂತರ ಮನೆಯವರು ಹೊಸ ಗೌನು, ಟೋಪಿ ಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಯುದ್ಧದ ಹೊತ್ತಲ್ಲಿ ಆಡಂಬರ ಬೇಡ ಎಂಬ ಭಾವನೆ. ಅದರ ಪೆಟ್ಟು ಬಿದ್ದದ್ದು ಹೊಲಿಯುವ, ಟೋಪಿ ಮಾಡುವ ಹೆಣ್ಣುಮಕ್ಕಳ ಮೇಲೆ. ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಿಗಾಗಿ ರಾಣಿ ಮೇರಿ ಹೆಸರಿನಲ್ಲಿ ನಿಧಿಯನ್ನೇ ಎತ್ತಬೇಕಾಯಿತು. ಯುದ್ಧ ಬಂದ ಕೂಡಲೇ ಹೆಂಗಸರಿಗೆ ಕೆಲಸ ಸಿಕ್ಕಿತು ಅಂತ ಅನೇಕರು ತಿಳಿದಿದ್ದಾರೆ, ಅಲ್ವಾ? ಮೊದಲು ಆದದ್ದು ಅದರ ತದ್ವಿರುದ್ಧ.

ಗಾಳಿ ತಿರುಗಿದ್ದು 1915ರಲ್ಲಿ. 1916ರ ಜನವರಿಯಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾನೂನು ಬಂತು. ಮೊದಲು ಮದುವೆಯಾಗದ ಗಂಡಸರಿಗೆ, ಕೆಲವೇ ತಿಂಗಳಲ್ಲಿ ಮದುವೆಯಾದವರಿಗೂ. ಅಂಗಡಿಗಳು ಖಾಲಿಯಾದವು. ಲಿಫ್ಟ್ ನಡೆಸಲು, ಸಾಮಾನು ಇಳಿಸಲು, ಮನೆಮನೆಗೆ ಗಾಡಿಯಲ್ಲಿ ತಲುಪಿಸಲು, ಲೆಕ್ಕ ಬರೆಯಲು ಹೆಂಗಸರೇ ಬೇಕಾದರು. ಗಂಡಸರದ್ದೇ ಆಗಿದ್ದ ಕಿರಾಣಿ, ಪೀಠೋಪಕರಣ, ಗಂಡಸರ ಉಡುಪಿನ ಕೌಂಟರುಗಳಿಗೂ ಅವರು ಬಂದರು. ವ್ಯಾಪಾರ ವಲಯದಲ್ಲಿ 1914ರ ಜುಲೈನಲ್ಲಿ ಸುಮಾರು 5 ಲಕ್ಷ ಹೆಂಗಸರಿದ್ದರು. 1918ರ ಜುಲೈ ಹೊತ್ತಿಗೆ ಅದು 9 ಲಕ್ಷ ದಾಟಿತ್ತು. ಅದೇ ಕಾಲದಲ್ಲಿ ಮನೆಗೆಲಸ ಮಾಡುವ ಹೆಂಗಸರ ಸಂಖ್ಯೆ ಸುಮಾರು 4 ಲಕ್ಷ ಇಳಿಯಿತು. ಹಲವರು ಕೌಂಟರನ್ನೂ ಬಿಟ್ಟು ಮದ್ದುಗುಂಡಿನ ಕಾರ್ಖಾನೆ ಸೇರಿದರು. ಅಪಾಯ ಜಾಸ್ತಿ, ಆದರೆ ಸಂಬಳವೂ ಜಾಸ್ತಿ. ಬಿಟ್ಟು ಹೋಗಲು ಬೇರೊಂದು ದಾರಿ ಇದೆ ಎನ್ನುವುದೇ ಆ ಹುಡುಗಿಯರಿಗೆ ಹೊಸದು.

ಕೌಂಟರಿನ ಮೇಲಿನ ಸಾಮಾನೂ ಬದಲಾಯಿತು. ಅಧಿಕಾರಿಗಳ ಸಮವಸ್ತ್ರ, ಕಂದಕದಲ್ಲಿ ತೊಡುವ ಕೋಟು, ಯುದ್ಧಭೂಮಿಗೆ ಕಳಿಸಲು ಕಟ್ಟಿಟ್ಟ ಪಾರ್ಸಲ್. 1916ರಲ್ಲಿ ಹ್ಯಾರಡ್ಸ್ ಅಂಗಡಿಗೆ ನ್ಯಾಯಾಲಯ ದಂಡ ಹಾಕಿತು. ಮಾರ್ಫಿನ್ ಮತ್ತು ಕೊಕೇನ್ ಮಾರುವಾಗ ಕಾನೂನು ಪಾಲಿಸಿರಲಿಲ್ಲ ಎಂಬ ಕಾರಣಕ್ಕೆ. ಸೈನಿಕರಿಗೆ ಕಳಿಸುವ ಉಡುಗೊರೆಗಳಲ್ಲಿ ಅವೂ ಸೇರಿದ್ದವು! ಇನ್ನೊಂದು ಕಡೆ ಕಪ್ಪು ಬಟ್ಟೆ. ಗಂಡನನ್ನೋ ಮಗನನ್ನೋ ಕಳೆದುಕೊಂಡವರು ಬಂದು ಕೇಳುವಾಗ ಅಳತೆ ತೆಗೆಯುತ್ತಿದ್ದದ್ದು ತನ್ನ ಅಣ್ಣನ ಕಾಗದಕ್ಕೆ ಕಾಯುತ್ತಿರುವ ಹುಡುಗಿಯೇ ಆಗಿರಬಹುದು.

ಲಂಡನ್ನಿನ ಮೇಲೆ ಜೆಪ್ಪೆಲಿನ್ ವಾಯುನೌಕೆಗಳು ಮೊದಲು ಬಾಂಬ್ ಹಾಕಿದ್ದು 1915ರ ಮೇ 31ರ ರಾತ್ರಿ. ಬೀದಿ ದೀಪಗಳನ್ನು ಮಂಕು ಮಾಡಲಾಯಿತು. ಬೆಳಕಿನಿಂದಲೇ ಜನರನ್ನು ಸೆಳೆಯುತ್ತಿದ್ದ ಅಂಗಡಿ ಕಿಟಕಿಗಳೂ ಕತ್ತಲಾದವು. 1917ರ ಅಕ್ಟೋಬರ್ 19ರ ರಾತ್ರಿ ಪಿಕಡಿಲಿಯ ಸ್ವಾನ್ ಅಂಡ್ ಎಡ್ಗರ್ ಅಂಗಡಿಯ ಮುಂದೆ ಬಾಂಬ್ ಬಿದ್ದು ಜನ ಸತ್ತರು. ಧಾರಾವಾಹಿ ಬರೆಯುವವರಿಗೆ ಇದಕ್ಕಿಂತ ಏನು ಬೇಕಿತ್ತು?

ಇದೇ ಯುದ್ಧ ನಮ್ಮ ಮೈಸೂರಿನ ಸುಗಂಧದ ವ್ಯಾಪಾರವನ್ನೂ ಅಲುಗಾಡಿಸಿತು. ಮೈಸೂರಿನ ಶ್ರೀಗಂಧದ ಮರ ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿತು, ಮರ ಇಲ್ಲೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರು. ಇಲ್ಲೇ ಎಣ್ಣೆ ತೆಗೆಯೋಣ ಎಂದು 1916ರಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರುವಾಯಿತು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸೋಪು ಮಾಡುವ ವಿದ್ಯೆ ಕಲಿತು ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಯುರೋಪಿನ ಒಂದು ಯುದ್ಧ ಲಂಡನ್ನಿನ ಕೌಂಟರಿನಲ್ಲಿ ಹುಡುಗರ ಬದಲು ಹುಡುಗಿಯರನ್ನು ನಿಲ್ಲಿಸಿತು, ನಮ್ಮ ಬಚ್ಚಲುಮನೆಗೆ ಗಂಧದ ಸೋಪು ತಂದಿತು.

1918ರ ಆರಂಭದಲ್ಲಿ 30 ದಾಟಿದ, ಒಂದಷ್ಟು ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ ಬ್ರಿಟನ್ನಿನಲ್ಲಿ ಮತದಾನದ ಹಕ್ಕು ಸಿಕ್ಕಿತು. ಕೌಂಟರಿನ ಹುಡುಗಿಯರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು, ಸ್ವಂತ ಮನೆ ಇಲ್ಲದವರು. ಅವರಿಗೆ ಸಿಗಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ರೋಸ್ ಸೆಲ್ಫ್‌ರಿಜ್ ತೀರಿಕೊಂಡರು. ಅವರು ಕೊನೆಯ ದಿನಗಳವರೆಗೂ ರೆಡ್ ಕ್ರಾಸ್ ಕೆಲಸದಲ್ಲಿದ್ದವರು. ಬಾಡಿಗೆಗೆ ಹಿಡಿದಿದ್ದ ಹೈಕ್ಲಿಫ್ ಕೋಟೆಯ ಮೈದಾನದಲ್ಲಿ ಅಮೆರಿಕನ್ ಸೈನಿಕರಿಗಾಗಿ ಆರೈಕೆ ಶಿಬಿರ ನಡೆಸಿದ್ದರು. ಧಾರಾವಾಹಿಯಲ್ಲಿ ಫ್ರಾನ್ಸಿಸ್ ಓ’ಕಾನರ್ ರೋಸ್ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದ್ದಾರೆ, ಆ ಶಿಬಿರವನ್ನೂ ತೋರಿಸಬೇಕಿತ್ತು ಎಂದು ಆಸೆಯಾಗುತ್ತದೆ.

ಯುದ್ಧ ಮುಗಿದ ಮೇಲೆ ಏನಾಯಿತು? ಗಂಡಸರು ಮರಳಿದರು. ಯುದ್ಧದ ಮುಂಚಿನ ಕೆಲಸದ ರೀತಿಗಳನ್ನು ಮತ್ತೆ ತರಬೇಕೆಂದು 1919ರಲ್ಲಿ ಕಾನೂನೇ ಬಂತು. ಅದು ಮುಖ್ಯವಾಗಿ ಕಾರ್ಖಾನೆಗಳಿಗೆ ಸಂಬಂಧಿಸಿದ್ದು, ಆದರೆ ಎಲ್ಲ ಕಡೆ ಅದೇ ಗಾಳಿ. ನಿನ್ನೆಯವರೆಗೆ ದೇಶಸೇವಕಿ ಎನಿಸಿಕೊಂಡವಳು ಇವತ್ತು ಗಂಡಸಿನ ಅನ್ನ ಕಸಿದವಳು. ಮೂರನೇ ಸರಣಿಯಲ್ಲಿ ಈ ಜಗಳ ಬರುತ್ತದೆ. ಸರಣಿಯ ಒಳ್ಳೆಯ ಭಾಗಗಳಲ್ಲಿ ಅದೂ ಒಂದು. ಆದರೆ ಆ ಹೆಣ್ಣುಮಕ್ಕಳು ಆ ಕೆಲಸ ಕಲಿತ ವರ್ಷಗಳನ್ನೇ ನಾವು ನೋಡಿಲ್ಲ. ಹಾಗಾಗಿ ಅವರು ಏನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಮನಸ್ಸಿಗೆ ಇಳಿಯುವುದಿಲ್ಲ.

1920ರಲ್ಲಿ ಅದೇ ಆಕ್ಸ್‌ಫರ್ಡ್ ಸ್ಟ್ರೀಟಿನ ಜಾನ್ ಲೂಯಿಸ್ ಅಂಗಡಿಯಲ್ಲಿ ಮುಷ್ಕರ ನಡೆಯಿತು. ಸುಮಾರು 400 ನೌಕರರು, ಹೆಚ್ಚಿನವರು ಹೆಂಗಸರು, ಹೊರಗೆ ಬಂದರು. ಸಂಘಕ್ಕೆ ಮನ್ನಣೆ ಕೊಡಿ ಎಂಬುದು ಮುಖ್ಯ ಬೇಡಿಕೆ. 80 ದಾಟಿದ ಮಾಲೀಕ ಜಗ್ಗಲಿಲ್ಲ. ವಾರಗಟ್ಟಲೆ ನಡೆದ ಮುಷ್ಕರ ಸೋತಿತು, ಮುಷ್ಕರ ಹೂಡಿದವರು ಕೆಲಸ ಕಳೆದುಕೊಂಡರು. ಯುದ್ಧದಲ್ಲಿ ಕಲಿತ ಧೈರ್ಯ ಇಲ್ಲದಿದ್ದರೆ ಅವರು ಬೀದಿಗೆ ಇಳಿಯುತ್ತಿದ್ದರೇ ಅನ್ನುವುದು ನನ್ನ ಅನುಮಾನ. 1929ರಲ್ಲಿ ಮಾರ್ಗರೆಟ್ ಬಾಂಡ್‌ಫೀಲ್ಡ್ ಕಾರ್ಮಿಕ ಸಚಿವೆಯಾದರು. ಬ್ರಿಟನ್ನಿನ ಸಂಪುಟ ಸೇರಿದ ಮೊದಲ ಮಹಿಳೆ, ಹಿಂದೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ನಾಲ್ಕನೇ ಸರಣಿ ನಡೆಯುವುದೂ ಸುಮಾರು ಅದೇ ಕಾಲದಲ್ಲಿ. ಅದರ ಗಮನವೆಲ್ಲ ಹ್ಯಾರಿಯ ಜೂಜು, ಸಾಲ, ಪತನದ ಮೇಲೆ.

ನಿಜದಲ್ಲಿ ಸೆಲ್ಫ್‌ರಿಜ್ ಅಧಿಕಾರ ಕಳೆದುಕೊಂಡದ್ದು 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾದ ಹೊತ್ತಿಗೆ. 1947ರಲ್ಲಿ ಲಂಡನ್ನಿನ ಪಟ್ನಿಯಲ್ಲಿ, ಕೈಯಲ್ಲಿ ಕಾಸಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. ಅಂಗಡಿ ಎರಡನೇ ಯುದ್ಧವನ್ನೂ ಕಂಡಿತು. 1940ರ ಸೆಪ್ಟೆಂಬರ್‌ನಲ್ಲಿ ಜಾನ್ ಲೂಯಿಸ್ ಅಂಗಡಿ ಬಾಂಬಿಗೆ ಸುಟ್ಟುಹೋಯಿತು. 1941ರ ಏಪ್ರಿಲ್‌ನಲ್ಲಿ ಸೆಲ್ಫ್‌ರಿಜಸ್ ಮೇಲೂ ಬಾಂಬ್ ಬಿತ್ತು. ಅದರ ತಾರಸಿಯ ತೋಟ ಮತ್ತೆ ತೆರೆಯಲೇ ಇಲ್ಲ. ಅದೇ ವರ್ಷ ಜೂನ್ 1ರಿಂದ ಬಟ್ಟೆಗೂ ರೇಷನ್ ಬಂತು, ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್. ಡಿಸೆಂಬರ್‌ನಲ್ಲಿ ಮದುವೆಯಾಗದ 20ರಿಂದ 30ರ ಹೆಂಗಸರನ್ನೂ ಕಡ್ಡಾಯ ಸೇವೆಗೆ ಕರೆಯುವ ಕಾನೂನು ಬಂತು. ಕೌಂಟರಿನ ಹುಡುಗಿಯರು ಈ ಸಲ ಸರ್ಕಾರದ ಆದೇಶದ ಮೇಲೆ ಹೊರಟರು. 1943ರಿಂದ ಅಂಗಡಿಯ ನೆಲಮಾಳಿಗೆಯಲ್ಲಿ ಟನ್‌ಗಟ್ಟಲೆ ತೂಕದ ಒಂದು ಗುಟ್ಟಿನ ಯಂತ್ರ ಕೂತಿತ್ತು. ಚರ್ಚಿಲ್ ಮತ್ತು ರೂಸ್‌ವೆಲ್ಟ್ ಮಾತು ಶತ್ರುವಿನ ಕಿವಿಗೆ ಬೀಳದಂತೆ ದಾಟಿಸುವ ಯಂತ್ರ. ಮೇಲೆ ಕೂಪನ್ ಕತ್ತರಿಸುತ್ತಿದ್ದವರಿಗೆ ಕೆಳಗೇನು ನಡೆಯುತ್ತಿದೆ ಎಂದು ತಿಳಿಯುವಂತಿರಲಿಲ್ಲ.

ಧಾರಾವಾಹಿಗಾಗಿ ಲಂಡನ್ನಿನ ನೀಸ್ಡನ್‌ನಲ್ಲಿ, ಹಳೆಯ ಕಾರ್ಪೆಟ್ ಗೋದಾಮಿನೊಳಗೆ ಇಡೀ ಅಂಗಡಿಯನ್ನು ಕಟ್ಟಿದ್ದರು. ಗಾಜು, ಕಂಬ, ಕೌಂಟರು, ಟೋಪಿಗಳ ಸಾಲು ಎಲ್ಲದರಲ್ಲೂ ಶ್ರದ್ಧೆ ಕಾಣುತ್ತದೆ. ಈಗ ನೋಡಲು ಹೊರಟವರು ಎರಡನೇ ಮತ್ತು ಮೂರನೇ ಸರಣಿಯನ್ನು ಒಟ್ಟಿಗೆ ನೋಡಿ. ನಡುವೆ ಮೇಲಿನ ನಾಲ್ಕು ವರ್ಷಗಳನ್ನು ನೀವೇ ಸೇರಿಸಿಕೊಳ್ಳಿ. ಮುಂದೆ ಯಾರಾದರೂ ಈ ಅಂಗಡಿಗಳ ಯುದ್ಧಕಾಲದ ಕಥೆ ಮಾಡಿದರೆ 1916ರಿಂದ ಶುರುಮಾಡಲಿ, ಮೊದಲ ಸಲ ಗಂಡಸರ ಉಡುಪಿನ ಕೌಂಟರಿಗೆ ಬಂದು ನಿಂತ ಹುಡುಗಿಯಿಂದ.